ಮದುವೆಯಾಗದ ಕ್ರೈಸ್ತರಿಗೆ ಬೆಂಗಳೂರಿನಲ್ಲಿ ಬೇಕಾಗುವ ಏರ್ಪಾಡುಗಳು

ಬೆಂಗಳೂರಿನ ಹೆಚ್ಚಿನ ಕನ್ನಡ ಕ್ರೈಸ್ತ ಸಭೆಗಳಲ್ಲಿ ಯೌವನಸ್ಥರ ಕೂಟ ಮೂವತ್ತೈದರ ಆಸುಪಾಸಿಗೆ ಮುಗಿಯುತ್ತದೆ. ಆಮೇಲೆ ಇರುವುದು ಸ್ತ್ರೀಯರ ಕೂಟ, ಪುರುಷರ ಕೂಟ, ದಂಪತಿಗಳ ಕೂಟ. ಮದುವೆಯಾಗದವರು ಎಲ್ಲಿಗೆ ಹೋಗಬೇಕು ಅಂತ ಯಾರೂ ಯೋಚಿಸಿರುವುದಿಲ್ಲ. ಇದರಲ್ಲಿ ಕೆಟ್ಟ ಮನಸ್ಸೇನಿಲ್ಲ. ಮದುವೆಯಾಗದವರೆಂದರೆ ಇನ್ನು ಆಗಬೇಕಾದವರು, ಅಷ್ಟೇ ಲೆಕ್ಕ. ಆರಾಧನೆ ಮುಗಿಸಿ ಮೆಟ್ಟಿಲಿಳಿಯುವಾಗ "ಇನ್ನೂ ಏನೂ ಆಗಿಲ್ವಾ? ನಿನಗೋಸ್ಕರ ಪ್ರಾರ್ಥನೆ ಮಾಡ್ತಾನೇ ಇದೀವಮ್ಮ" ಎನ್ನುವ ಆಂಟಿ ನಿಜವಾಗಿಯೂ ಪ್ರಾರ್ಥನೆ ಮಾಡುತ್ತಿರುತ್ತಾರೆ. ಆದರೆ ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆಯುವುದು ಅವರಿಗೆ ಹೊಳೆದಿರುವುದಿಲ್ಲ.

ಮದುವೆಯಾದವರಿಗೆ ಊಟದ ಹೊತ್ತು, ಹಬ್ಬದ ದಿನದ ಮನೆ, ಆಸ್ಪತ್ರೆಯಲ್ಲಿ ಸಹಿ ಹಾಕುವ ಕೈ, ಸತ್ತ ಮೇಲೆ ಕಾಗದಪತ್ರ ಹುಡುಕುವವರು ಎಲ್ಲವೂ ಮದುವೆಯ ಬೆನ್ನಲ್ಲೇ ಬಂದುಬಿಡುತ್ತವೆ. ಚೆನ್ನಾಗಿ ಬರುತ್ತವೋ ಇಲ್ಲವೋ, ಅದು ಬೇರೆ ಮಾತು. ಒಬ್ಬರೇ ಇರುವವರು ಇವನ್ನು ಒಂದೊಂದಾಗಿ ತಾವೇ ಮಾಡಿಕೊಳ್ಳಬೇಕು. ಒಂಟಿ ಬದುಕಿನಲ್ಲಿ ಸೋತು ಕೂತವರಿಗೆ ಸಾಮಾನ್ಯವಾಗಿ "ವಿಶ್ವಾಸ ಸಾಲದು" ಎಂಬ ಉಪದೇಶ ಸಿಗುತ್ತದೆ. ಬಹಳ ಸಲ ಸಾಲದೇ ಹೋಗಿರುವುದು ಏರ್ಪಾಡು.

ಮೊದಲು ಸತ್ಯವೇದದ, ಅಂದರೆ ಬೈಬಲಿನ ವಿಚಾರ ಮುಗಿಸಿಬಿಡೋಣ, ಏಕೆಂದರೆ ಬಾಯಿ ಮುಚ್ಚಿಸಲು ಬಳಸುವ ವಚನ ಯಾವಾಗಲೂ ಒಂದೇ: ಆದಿಕಾಂಡ 2:18, ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲ. ಸರಿಯೇ, ಒಳ್ಳೆಯದಲ್ಲ. ಆದರೆ ಮದುವೆ ಮಾಡಿಕೊಳ್ಳಬೇಡ ಎಂದು ದೇವರು ಪ್ರವಾದಿ ಯೆರೆಮೀಯನಿಗೆ ಹೇಳಿದ್ದು ಅದೇ ಸತ್ಯವೇದದಲ್ಲಿದೆ (16:2). ಫಿಲಿಪ್ಪನ ನಾಲ್ವರು ಕನ್ಯೆಯರಾದ ಹೆಣ್ಣುಮಕ್ಕಳು ಪ್ರವಾದಿಸುತ್ತಿದ್ದರು (ಅಪೊಸ್ತಲರ ಕೃತ್ಯಗಳು 21:9). ಯೇಸು, ಪೌಲ ಇಬ್ಬರೂ ಒಂಟಿಯಾಗಿಯೇ ಇದ್ದದ್ದು ಗೊತ್ತಿರುವುದೇ. 1 ಕೊರಿಂಥದವರಿಗೆ 7ನೇ ಅಧ್ಯಾಯವನ್ನು ಓದುವಾಗ ಎರಡು ಕಡೆ ಎಡವುತ್ತಾರೆ. 7ನೇ ವಚನದಲ್ಲಿ ಬರುವ, ಮದುವೆಯಿಲ್ಲದೆ ಇರುವ 'ವರ' ಎಂದರೆ ಆಸೆಯೇ ಇಲ್ಲದಿರುವುದು ಎಂದುಕೊಂಡು, "ನನಗೆ ಆಸೆ ಇದೆ, ಹಾಗಾದರೆ ನನಗೆ ಆ ವರ ಇಲ್ಲ" ಎಂದು ಕೊರಗುವವರಿದ್ದಾರೆ. ಪೌಲ ಅಂಥ ಪರೀಕ್ಷೆ ಎಲ್ಲೂ ಇಟ್ಟಿಲ್ಲ. ಇನ್ನೊಂದು, ಒಂಟಿಯಾಗಿರುವುದೇ ಮೇಲೆಂಬ ಪೌಲನ ಮಾತನ್ನು ಆಜ್ಞೆಯಂತೆ ಓದುವುದು. 25ನೇ ವಚನದಲ್ಲಿ ಅವನೇ ಇದು ಕರ್ತನ ಆಜ್ಞೆಯಲ್ಲ, ನನ್ನ ಅಭಿಪ್ರಾಯ ಎನ್ನುತ್ತಾನೆ. ಹಾಗಾಗಿ ಇವತ್ತು ಒಬ್ಬರೇ ತೃಪ್ತಿಯಿಂದಿದ್ದು, ನಾಳೆ ಒಳ್ಳೆಯ ಸಂಬಂಧ ಬಂದರೆ ಒಪ್ಪಿಕೊಳ್ಳುವುದರಲ್ಲಿ ಯಾವ ವಚನಭಂಗವೂ ಇಲ್ಲ. ಕೆಥೋಲಿಕರಲ್ಲಿ ವ್ರತ ತೆಗೆದುಕೊಂಡ ಫಾದರ್, ಸಿಸ್ಟರ್‌ಗಳ ಮಾತು ಬೇರೆ. ಇಲ್ಲಿ ಮಾತಾಡುತ್ತಿರುವುದು ವ್ರತವಿಲ್ಲದ ಸಾಮಾನ್ಯ ವಿಶ್ವಾಸಿಗಳ ಬಗ್ಗೆ.

ನನಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಅನ್ನಿಸುವುದು ಮಾರ್ಕ 10:30. ಯೇಸುವಿಗಾಗಿ ಮನೆಮಂದಿಯನ್ನು ಬಿಟ್ಟುಬಂದವರಿಗೆ ಈ ಕಾಲದಲ್ಲಿಯೇ ಮನೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಂದಿರು, ಮಕ್ಕಳು ನೂರರಷ್ಟು ಸಿಗುತ್ತಾರೆ ಎಂಬ ಮಾತು. ಇದು ಆಕಾಶದಿಂದ ಉದುರುವುದಿಲ್ಲ. ಲಿಂಗರಾಜಪುರದಲ್ಲೋ ದಾಸರಹಳ್ಳಿಯಲ್ಲೋ ಯಾರದೋ ಅಡುಗೆಮನೆಯ ಮೂಲಕವೇ ಬರಬೇಕು. ಆ ಅಡುಗೆಮನೆ ನಿಮ್ಮದೂ ಆಗಬಹುದು.

ಅಂದರೆ ತಿಂಗಳಿಗೆ ಎರಡು ಭಾನುವಾರ, ಒಂದನೆಯದು ಮತ್ತು ಮೂರನೆಯದು, ನಿಮ್ಮ ಮನೆಯಲ್ಲಿ ಊಟ. ದಿನ ಗೊತ್ತುಮಾಡಿದ್ದರೆ ಮಾತ್ರ ನಡೆಯುತ್ತದೆ. "ಒಂದು ದಿನ ಬನ್ನಿ" ಎಂದರೆ ಬೆಂಗಳೂರಿನಲ್ಲಿ ಯಾರೂ ಬರುವುದಿಲ್ಲ. ನಿಮ್ಮನ್ನೂ ಸೇರಿಸಿ ಆರು ಜನ ಸಾಕು. ಒಂದು ಕೆ.ಜಿ. ಕೋಳಿ, 600 ಗ್ರಾಂ ಅಕ್ಕಿ, ಅರ್ಧ ಹೋಳು ತೆಂಗಿನಕಾಯಿ, ನಾಲ್ಕು ಈರುಳ್ಳಿ, ಅರ್ಧ ಲೀಟರ್ ಮೊಸರು. ಶನಿವಾರ ರಾತ್ರಿಯೇ ಖಾರ ರುಬ್ಬಿಟ್ಟು, ಕೋಳಿಗೆ ಅರಿಸಿನ, ಉಪ್ಪು, ಶುಂಠಿ ಬೆಳ್ಳುಳ್ಳಿ ಹಚ್ಚಿ ಫ್ರಿಜ್ಜಿನಲ್ಲಿಡಿ. ಬೆಳಗಿನ ಆರಾಧನೆ ಮುಗಿಸಿ ಹನ್ನೊಂದೂವರೆಗೆ ಒಲೆ ಹಚ್ಚಿದರೂ ಹನ್ನೆರಡೂವರೆಗೆ ತಟ್ಟೆ ಹಾಕಬಹುದು. ಪ್ರತಿ ಸಲವೂ ಅದೇ ಸಾರು, ಅದೇ ಅನ್ನ. ಮೊದಲ ಸಲ ಬಿರಿಯಾನಿ, ಕಬಾಬ್, ಪಾಯಸ ಅಂತ ಶುರುಮಾಡಿದವರು ಮೂರನೇ ಸಲಕ್ಕೆ ಸುಸ್ತಾಗಿ ನಿಲ್ಲಿಸುತ್ತಾರೆ. ಬರುವವರು ಬಾಳೆಹಣ್ಣೋ ಸೌತೆಕಾಯಿಯೋ ತರುತ್ತೇನೆಂದರೆ ಬೇಡ ಎನ್ನಬೇಡಿ. ಏನಾದರೂ ತಂದವರಿಗೆ ಆ ಮನೆಯಲ್ಲಿ ಸಲಿಗೆ ಬೆಳೆಯುತ್ತದೆ.

ಯಾರನ್ನು ಕರೆಯಬೇಕು ಎನ್ನುವುದೇ ಮುಖ್ಯ. ಬರೀ ಮದುವೆಯಾಗದವರನ್ನೇ ಸೇರಿಸಿದರೆ ಅರ್ಧ ಗಂಟೆಯಲ್ಲಿ ಮಾತು ದೂರಿನ ಕಡೆ ತಿರುಗುತ್ತದೆ. ಮಕ್ಕಳಿರುವ ಒಂದು ಕುಟುಂಬ, ಮಕ್ಕಳು ವಿದೇಶದಲ್ಲಿರುವ ಒಬ್ಬ ಹಿರಿಯರು, ಹುಬ್ಬಳ್ಳಿಯಿಂದಲೋ ಚಾಮರಾಜನಗರದಿಂದಲೋ ಕೆಲಸಕ್ಕೆ ಬಂದು ಪಿಜಿಯಲ್ಲಿರುವ ಒಬ್ಬ ಹುಡುಗ ಅಥವಾ ಹುಡುಗಿ, ಹೀಗೆ ಕಲಸಿ ಕರೆಯಿರಿ. ಮೂರು ಗಂಟೆಗೆ ಎದ್ದುಹೋಗಬೇಕು ಎಂಬುದನ್ನು ಮೊದಲೇ ನಗುನಗುತ್ತಾ ಹೇಳಿಬಿಡುವುದು ಒಳ್ಳೆಯದು. ಹೊತ್ತು ಗೊತ್ತಿದ್ದರೆ ಕರೆಯುವವರಿಗೂ ಬರುವವರಿಗೂ ಹಗುರ.

ಮಕ್ಕಳ ವಿಷಯ ಬಂತಲ್ಲ, ಅದನ್ನೂ ಹೇಳುತ್ತೇನೆ. ಸ್ನೇಹಿತರ ಮಗುವಿನ ಜ್ಞಾನಸ್ನಾನಕ್ಕೆ ಗಾಡ್‌ಮದರ್ ಅಥವಾ ಗಾಡ್‌ಫಾದರ್ ಆಗಲು ಮದುವೆಯಾಗಿರಬೇಕೆಂಬ ನಿಯಮ ಕೆಥೋಲಿಕ ಧರ್ಮಸಭೆಯಲ್ಲಿ ಇಲ್ಲ. 16 ತುಂಬಿರಬೇಕು, ದೃಢೀಕರಣದ ಸಂಸ್ಕಾರ ಆಗಿರಬೇಕು, ವಿಶ್ವಾಸಕ್ಕೆ ತಕ್ಕಂತೆ ಬದುಕುತ್ತಿರಬೇಕು. ಒಪ್ಪಿಕೊಂಡರೆ ಫೋಟೋಗೆ ನಿಂತು ಮುಗಿಸಬೇಡಿ. ತಿಂಗಳಿಗೊಂದು ಶನಿವಾರ ಆ ಮಗುವಿನ ಪಾಲಿಗಿರಲಿ: ಕಬ್ಬನ್ ಪಾರ್ಕೋ, ಮನೆಪಾಠವೋ, ಕ್ರಿಸ್ಮಸ್ ಮುಂಚೆ ಕಲ್ಕಲ್ ಎಂಬ ಸಿಹಿತಿಂಡಿ ಸುತ್ತುವುದೋ. ತಂದೆತಾಯಿಗೆ ನಾಲ್ಕು ಗಂಟೆ ಬಿಡುವು ಸಿಗುತ್ತದೆ, ಅವರು ಅದನ್ನು ಮರೆಯುವುದಿಲ್ಲ. ದತ್ತು ತೆಗೆದುಕೊಳ್ಳುವ ಯೋಚನೆ ಇದ್ದವರು ವಯಸ್ಸಿನ ಮಿತಿ ನೋಡಿಕೊಳ್ಳಿ. 2022ರ ದತ್ತು ನಿಯಮಾವಳಿಯ ಪ್ರಕಾರ ಒಬ್ಬರೇ ಇರುವವರಿಗೆ ಎರಡು ವರ್ಷದೊಳಗಿನ ಮಗು ಬೇಕಾದರೆ 40, ಎರಡರಿಂದ ನಾಲ್ಕರ ಮಗುವಿಗೆ 45, ನಾಲ್ಕರಿಂದ ಎಂಟಕ್ಕೆ 50, ಅದಕ್ಕೂ ದೊಡ್ಡ ಮಕ್ಕಳಿಗೆ 55. ಒಬ್ಬರೇ ಇರುವ ಗಂಡಸಿಗೆ ಹೆಣ್ಣುಮಗುವನ್ನು ದತ್ತು ಕೊಡುವುದಿಲ್ಲ.

ಪ್ರಾರ್ಥನೆಗೆ ಮನಸ್ಸು ಬರಲಿ ಎಂದು ಕಾದರೆ ಒಂಟಿ ಮನೆಯಲ್ಲಿ ಅದು ಬರುವುದೇ ಇಲ್ಲ, ಏಕೆಂದರೆ ಎಬ್ಬಿಸುವವರು ಯಾರೂ ಇಲ್ಲ. ಲೆಕ್ಕ ಸುಲಭ: ಕೀರ್ತನೆಗಳು 150, ದಿನಕ್ಕೆ ಐದರಂತೆ ಮೂವತ್ತು ದಿನ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ, ವಾರದ ಐದು ದಿನ ಒಂದೊಂದು ಓದಿದರೆ ಸರಿಯಾಗಿ 52 ವಾರ. ಶನಿವಾರ, ಭಾನುವಾರ ಬಿಟ್ಟುಹೋದುದಕ್ಕೆ ಮೀಸಲು. ಮೊಬೈಲಿನ ಆ್ಯಪಿಗಿಂತ ಅಚ್ಚಿನ ಸತ್ಯವೇದ ಇರಲಿ, ಹಾಸಿಗೆಗಿಂತ ಕುರ್ಚಿ ಇರಲಿ. ಕೀರ್ತನೆಗಳನ್ನು ಗಟ್ಟಿಯಾಗಿ ಓದಿ. ದಿನದ ಮೊದಲ ಮಾತು ನಿಮ್ಮ ಕಿವಿಗೆ ಬೀಳುವುದು ಆಫೀಸಿನ ಕಾಲ್‌ನಲ್ಲಿ ಆಗದಿರಲಿ.

ದೇಹದ ವಿಷಯವನ್ನು ಸಭೆಗಳಲ್ಲಿ ಮಾತಾಡುವುದಿಲ್ಲ, ಮಾತಾಡಿದರೆ ಬರೀ ಬೆದರಿಕೆ. ಆಸೆ ಪ್ರಾರ್ಥನೆಯಿಂದ ಮಾಯವಾಗುತ್ತದೆ ಎಂದು ಭರವಸೆ ಕೊಡುವವರನ್ನು ನಂಬಬೇಡಿ. ಅದು ಮಾಯವಾಗದಿದ್ದಾಗ ಪ್ರಾರ್ಥನೆಯ ಮೇಲೇ ನಂಬಿಕೆ ಹೋಗುತ್ತದೆ. ಹೆಚ್ಚಿನವರು ಎಡವುವ ಹೊತ್ತು ರಾತ್ರಿ ಹತ್ತೂವರೆಯಿಂದ ಒಂದರವರೆಗೆ, ಸುಸ್ತಾಗಿ ಬಂದು ಊಟ ಬಿಟ್ಟು ಮಲಗಿದ ದಿನ, ಕೈಯಲ್ಲಿ ಫೋನ್. ಹಾಗಾಗಿ ಚಾರ್ಜರ್ ಅಡುಗೆಮನೆಯಲ್ಲಿರಲಿ, ಎಬ್ಬಿಸಲು ಬೇರೆ ಅಲಾರಂ ಗಡಿಯಾರ ತನ್ನಿ, ರಾತ್ರಿ ಊಟ ಬಿಡಬೇಡಿ. ತಿಂಗಳಿಗೊಮ್ಮೆ ಮುಖಾಮುಖಿ ಕೂತು ನಿಜ ಹೇಳಿಕೊಳ್ಳಲು ನಿಮ್ಮದೇ ಲಿಂಗದ ಒಬ್ಬರು ಬೇಕು. ಕೆಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರ ಇದ್ದೇ ಇದೆ. ವಾಟ್ಸಾಪ್‌ನಲ್ಲಿ ಹೇಳಿಕೊಳ್ಳುವುದು ಎರಡು ವಾರ ನಡೆದು ನಿಂತುಹೋಗುತ್ತದೆ.

ಮನೆ ಹುಡುಕುವುದಕ್ಕೆ ಬರೋಣ. "ಫ್ಯಾಮಿಲಿಗೆ ಮಾತ್ರ" ಬೋರ್ಡು ಎಲ್ಲ ಬಡಾವಣೆಯಲ್ಲೂ ಇದೆ. ಸಭಾಪಾಲಕರಿಂದಲೋ ವಿಚಾರಣಾ ಗುರುಗಳಿಂದಲೋ ಒಂದು ಪರಿಚಯ ಪತ್ರ ತೆಗೆದುಕೊಂಡು ಹೋದರೆ ಎಷ್ಟೋ ಮಾಲೀಕರು ಮೆತ್ತಗಾಗುತ್ತಾರೆ, ಅವರು ಕ್ರೈಸ್ತರಲ್ಲದಿದ್ದರೂ. ಅಡ್ವಾನ್ಸ್ ಕೊಡುವ ಮುಂಚೆ ನಾಲ್ಕು ಕೇಳಿ: ಮಾಂಸದಡುಗೆ ಮಾಡಬಹುದೇ, ನೆಂಟರು ರಾತ್ರಿ ಉಳಿಯಬಹುದೇ, ತಿಂಗಳಿಗೊಮ್ಮೆ ಮನೆಪ್ರಾರ್ಥನೆ ಇಟ್ಟುಕೊಳ್ಳಬಹುದೇ, ಗೇಟಿಗೆ ಬೀಗ ಎಷ್ಟು ಹೊತ್ತಿಗೆ. ಕ್ರಿಸ್ಮಸ್ ಹಿಂದಿನ ರಾತ್ರಿಯ ಆರಾಧನೆ ಮುಗಿದು ಬರುವಾಗ ಒಂದೂವರೆ ಆಗಿರುತ್ತದೆ, ಆಗ ಗೇಟು ಬಡಿಯುತ್ತಾ ನಿಲ್ಲುವುದು ಬೇಡ. ಒಪ್ಪಿದ್ದನ್ನು 11 ತಿಂಗಳ ಕರಾರಿನಲ್ಲಿ ಬರೆಸಿ, ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಬಣ್ಣಕ್ಕೆ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದನ್ನೂ. ಚರ್ಚಿಗೂ ಮನೆಗೂ ದೂರ ಕಡಿಮೆ ಇರಲಿ. ವೈಟ್‌ಫೀಲ್ಡಿನಲ್ಲಿದ್ದುಕೊಂಡು ಹಡ್ಸನ್ ವೃತ್ತದ ಸಭೆಗೆ ಬರುವವರು ಭಾನುವಾರದ ಅತಿಥಿಗಳಾಗಿಯೇ ಉಳಿಯುತ್ತಾರೆ. ಬುಧವಾರದ ಬೈಬಲ್ ಅಧ್ಯಯನ, ಯಾರದೋ ಮನೆಯ ಸಾವು, ಯಾರದೋ ಹೆರಿಗೆ ಇವೆಲ್ಲ ಟ್ರಾಫಿಕ್ಕಿನಲ್ಲೇ ಕಳೆದುಹೋಗುತ್ತವೆ.

ಸಭೆಯಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. "ನಿಮಗೇನು, ಮನೆ ಮಕ್ಕಳು ಅಂತ ಇಲ್ಲ" ಎಂದು ಸಂಡೇ ಸ್ಕೂಲ್, ಗಾಯನ ಮಂಡಳಿ, ಸುಗ್ಗಿ ಹಬ್ಬದ ಹರಾಜಿನ ಲೆಕ್ಕ, ಕ್ರಿಸ್ಮಸ್ ನಾಟಕ ಎಲ್ಲವೂ ಒಬ್ಬರ ತಲೆಗೆ ಬರುತ್ತದೆ. ಎರಡು ವರ್ಷ ದುಡಿದು, ದಣಿದು, ಆಮೇಲೆ ಸದ್ದಿಲ್ಲದೆ ಬೇರೆ ಸಭೆಗೆ ಹೋಗಿಬಿಡುವವರನ್ನು ಎಲ್ಲ ಕಡೆ ಕಾಣಬಹುದು. ಒಂದು ಜನರ ನಡುವಿನ ಕೆಲಸ, ಒಂದು ತೆರೆಮರೆಯ ಕೆಲಸ, ಎರಡಕ್ಕಿಂತ ಹೆಚ್ಚು ಬೇಡ; ಎರಡಕ್ಕೂ ಒಂದು ವರ್ಷದ ಅವಧಿ. "ಅಯ್ಯನವರೇ, ಈ ವರ್ಷ ಸಂಡೇ ಸ್ಕೂಲ್ ನಾನು ನೋಡ್ಕೋತೀನಿ, ಲೆಕ್ಕಕ್ಕೆ ಬೇರೆಯವರನ್ನ ನೋಡಿ" ಎಂದರೆ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ. ಕಾರಣ ವಿವರಿಸಲು ಹೋದಾಗಲೇ ಸಿಕ್ಕಿಬೀಳುವುದು.

ಮನೆಯಲ್ಲೂ ಅದೇ ತರ್ಕ, ಅದರಲ್ಲೂ ಹೆಣ್ಣುಮಕ್ಕಳಿಗೆ. ಮದುವೆಯಾದ ಅಣ್ಣತಮ್ಮಂದಿರು ತಿಂಗಳಿಗೆ ಒಂದಿಷ್ಟು ಹಣ ಕಳಿಸುತ್ತಾರೆ, ಅಪ್ಪ ಅಮ್ಮನ ಆರೈಕೆಯ ಹಗಲು ರಾತ್ರಿ ಅವಿವಾಹಿತ ಮಗಳ ಪಾಲಿಗೆ. ತಂದೆತಾಯಿಯನ್ನು ಸನ್ಮಾನಿಸು ಎಂಬ ಆಜ್ಞೆ ಎಲ್ಲ ಮಕ್ಕಳಿಗೂ ಇದೆ ಎಂಬುದನ್ನು ನೆನಪಿಸಲು ಒಳ್ಳೆಯ ಸಮಯ ಯಾರೂ ಕಾಯಿಲೆ ಬೀಳುವ ಮುಂಚೆ. ಔಷಧಿ, ಆಯಾ ಸಂಬಳ, ಡಯಾಪರ್, ಆಸ್ಪತ್ರೆಗೆ ಹೋಗುವ ಆಟೋ ಎಲ್ಲ ಸೇರಿಸಿ ಮೂರು ತಿಂಗಳ ಖರ್ಚು ಬರೆದು ಎಲ್ಲರ ಮುಂದಿಡಿ. ಹಣದ ಪಾಲು ಬೇರೆ, ದಿನಗಳ ಪಾಲು ಬೇರೆ ಗೊತ್ತುಮಾಡಿ: ವರ್ಷಕ್ಕೆ ಎರಡು ಸಲ ಹದಿನೈದು ದಿನ ಅಣ್ಣನೋ ತಂಗಿಯೋ ಬಂದು ಇರಬೇಕು, ಆಗ ನೀವು ಊರು ಬಿಡಬೇಕು. ಮನೆಯಲ್ಲೇ ಇದ್ದರೆ ರಜೆ ಆಗುವುದಿಲ್ಲ.

ಇದಕ್ಕೆ ಅಂಟಿಕೊಂಡೇ ಬರುವುದು ಮನೆಯ ಒಡೆತನ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ಅಪ್ಪ ತೀರಿಹೋದರೆ ಅಮ್ಮನಿಗೆ ಮೂರರಲ್ಲಿ ಒಂದು ಭಾಗ, ಉಳಿದ ಎರಡು ಭಾಗ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೆ ಸಮ. ಇಪ್ಪತ್ತು ವರ್ಷ ಆ ಮನೆಯಲ್ಲೇ ಇದ್ದು ನೋಡಿಕೊಂಡ ಮಗಳಿಗೂ ಅಷ್ಟೇ, ಮಂಗಳೂರಲ್ಲಿರುವ ಮಗನಿಗೂ ಅಷ್ಟೇ. ಮನೆ ಮಾರಿ ಪಾಲು ಕೊಡಿ ಎಂದರೆ ಇರುವವಳು ಐವತ್ತೈದರಲ್ಲಿ ಬಾಡಿಗೆ ಮನೆ ಹುಡುಕಬೇಕು. ಆಕೆ ಬದುಕಿರುವಷ್ಟು ಕಾಲ ಅಲ್ಲಿರಬಹುದು ಎಂದು ಅಪ್ಪ ಅಮ್ಮ ಉಯಿಲಿನಲ್ಲಿ ಒಂದು ಸಾಲು ಬರೆದರೆ ಈ ಜಗಳವೇ ಇರುವುದಿಲ್ಲ. ಕೇಳಲು ಮುಜುಗರ, ನಿಜ. ಕೇಳಲೇಬೇಕು.

ಆಸ್ಪತ್ರೆಯಲ್ಲಿ ಮೊದಲ ಪ್ರಶ್ನೆ "ಜೊತೆಗೆ ಯಾರಿದ್ದಾರೆ?" ಪ್ರಜ್ಞೆಯಿರುವ ವಯಸ್ಕರ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಅವರೇ. 44 ವರ್ಷದ ಅವಿವಾಹಿತೆಯೊಬ್ಬರ ಪ್ರಕರಣದಲ್ಲಿ, ತಾಯಿಯ ಒಪ್ಪಿಗೆ ಪಡೆದು ಮಾಡಿದ ಶಸ್ತ್ರಚಿಕಿತ್ಸೆಗೆ ಅದು ಸಾಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆದರೂ ರಾತ್ರಿ ಎರಡು ಗಂಟೆಗೆ ಕೌಂಟರಿನಲ್ಲಿ ಕಾನೂನು ಹೇಳುವ ಶಕ್ತಿ ಯಾರಿಗಿದೆ? ಎರಡು ಕಿಲೋಮೀಟರಿನೊಳಗೆ ಇರುವ ಒಬ್ಬರ ಹತ್ತಿರ ನಿಮ್ಮ ಮನೆಯ ಕೀಲಿ ಇರಲಿ. ಅವರ ಹೆಸರು, ನಂಬರು, ನಿಮ್ಮ ರಕ್ತದ ಗುಂಪು, ಔಷಧಿಗಳು, ಅಲರ್ಜಿ, ವಿಮೆ ಪಾಲಿಸಿ ನಂಬರು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ, ಅದರ ಪ್ರತಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಕಂಪನಿಯ ವಿಮೆಯನ್ನೇ ನಂಬಬೇಡಿ, ಕೆಲಸ ಹೋದ ದಿನ ಅದೂ ಹೋಗುತ್ತದೆ. ಸ್ವಂತ ಪಾಲಿಸಿಯನ್ನು ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಿ, ಏಕೆಂದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು.

ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಬರೆದುಕೊಡುವ ಪವರ್ ಆಫ್ ಅಟಾರ್ನಿ ಮಾಡಿಟ್ಟರೆ ಎಲ್ಲ ಆಯಿತು ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಕಾನೂನಿನಲ್ಲಿ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಸಾಮಾನ್ಯ ಪವರ್ ಆಫ್ ಅಟಾರ್ನಿಯೂ ಅಲ್ಲಿಗೇ ಮುಗಿಯುತ್ತದೆ. ಅಂದರೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಆಸ್ಪತ್ರೆ ಖರ್ಚಿನ ಹಣವನ್ನು ನಂಬಿಕಸ್ಥರ ಜೊತೆ 'ಐದರ್ ಆರ್ ಸರ್ವೈವರ್' ಜಂಟಿ ಖಾತೆಯಲ್ಲಿ, ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದಾದ ಖಾತೆಯಲ್ಲಿ ಇಡುವುದು ಇದಕ್ಕಿಂತ ಮೇಲು. ಅಷ್ಟೇ ಹಣ, ಎಲ್ಲ ಉಳಿತಾಯವನ್ನೂ ಅಲ್ಲಿಡಬೇಡಿ. ಗುಣವಾಗುವ ಭರವಸೆಯೇ ಇಲ್ಲದ ಸ್ಥಿತಿಯಲ್ಲಿ ಯಂತ್ರಗಳ ಮೇಲೆ ಇಡಬೇಕೇ ಬೇಡವೇ ಎನ್ನುವುದಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಸರಳಗೊಳಿಸಿದೆ: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ನಿಮ್ಮ ಪರವಾಗಿ ನಿರ್ಧರಿಸುವವರ ಹೆಸರು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿತು. ಇದು ದಯಾಮರಣವಲ್ಲವೇ ಎಂದು ಕೆಥೋಲಿಕರು ಅಳುಕುವುದುಂಟು. ಕೊಲ್ಲುವುದನ್ನು ಧರ್ಮಸಭೆ ಒಪ್ಪುವುದಿಲ್ಲ, ಆದರೆ ಫಲಕ್ಕೆ ಮೀರಿದ ಭಾರದ ಚಿಕಿತ್ಸೆಯನ್ನು ನಿರಾಕರಿಸಬಹುದು ಎಂದು ಅದರ ಧರ್ಮೋಪದೇಶವೇ ಹೇಳುತ್ತದೆ.

ಇನ್ನು ನಿಮ್ಮದೇ ಉಯಿಲು. ನೀವು ಬರೆಯದಿದ್ದರೆ ಕಾನೂನು ಬರೆಯುತ್ತದೆ: ಸಂಗಾತಿ, ಮಕ್ಕಳು ಇಲ್ಲದಿದ್ದಲ್ಲಿ ತಂದೆ ಬದುಕಿದ್ದರೆ ಎಲ್ಲವೂ ತಂದೆಗೆ, ತಾಯಿಗೆ ಏನೂ ಇಲ್ಲ. ತಂದೆ ಇಲ್ಲದಿದ್ದರೆ ತಾಯಿ ಮತ್ತು ಒಡಹುಟ್ಟಿದವರಿಗೆ ಸಮಪಾಲು. ನಿಮ್ಮ ಕಷ್ಟಕ್ಕಾದ ಗೆಳತಿ, ಓದಿಸುತ್ತಿರುವ ಹುಡುಗ, ಸಭೆ ಇವರ್ಯಾರೂ ಆ ಪಟ್ಟಿಯಲ್ಲಿಲ್ಲ. ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಕೈಯಲ್ಲೇ ಬರೆಯಬಹುದು. ಇಬ್ಬರು ಸಾಕ್ಷಿಗಳು ನಿಮ್ಮ ಸಹಿಯನ್ನು ನೋಡಿ ನಿಮ್ಮೆದುರು ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ನೆಮ್ಮದಿ. ಹೆಚ್ಚಾಗಿ ಆಗುವ ತಪ್ಪೆಂದರೆ ಪಾಲು ಪಡೆಯುವವರನ್ನೇ ಸಾಕ್ಷಿ ಹಾಕುವುದು. ಹಾಗೆ ಮಾಡಿದರೆ ಉಯಿಲು ಉಳಿಯುತ್ತದೆ, ಅವರ ಪಾಲು ಹೋಗುತ್ತದೆ. ಸಾಕ್ಷಿಯ ಗಂಡ ಅಥವಾ ಹೆಂಡತಿಯ ಪಾಲೂ ಹಾಗೆಯೇ. ಸಭೆಗೆ ಬಿಡುವವರು "ನಮ್ಮ ಚರ್ಚಿಗೆ" ಎಂದು ಬರೆಯದೆ ಆಸ್ತಿ ಯಾವ ಟ್ರಸ್ಟಿನ ಹೆಸರಲ್ಲಿ ನಿಲ್ಲುತ್ತದೋ ಆ ಪೂರ್ತಿ ಹೆಸರು ಕೇಳಿ ಬರೆಯಬೇಕು. ಅಣ್ಣತಮ್ಮಂದಿರ ಮಕ್ಕಳಿದ್ದರೆ ಧರ್ಮಕಾರ್ಯಕ್ಕೆ ಬಿಡುವ ಉಯಿಲನ್ನು ಸಾವಿಗೆ ಒಂದು ವರ್ಷ ಮುಂಚೆಯೇ ಬರೆದಿರಬೇಕು ಎಂದು ಹಳೆಯ ವಕೀಲರು ಈಗಲೂ ಹೇಳುವುದುಂಟು. ಉತ್ತರಾಧಿಕಾರ ಕಾಯ್ದೆಯ ಆ 118ನೇ ಕಲಮನ್ನು ಸುಪ್ರೀಂ ಕೋರ್ಟ್ 2003ರಲ್ಲೇ ಹೊಡೆದುಹಾಕಿದೆ.

ಬ್ಯಾಂಕಿನ ನಾಮಿನಿಯೇ ಒಡೆಯರಲ್ಲ, ಹಣ ತೆಗೆದು ವಾರಸುದಾರರಿಗೆ ಮುಟ್ಟಿಸುವವರು ಅಷ್ಟೇ. ಹಾಗಾಗಿ ಉಯಿಲಿನ ಹೆಸರೂ ನಾಮಿನಿಯ ಹೆಸರೂ ಒಂದೇ ಆಗಿದ್ದರೆ ಕ್ಷೇಮ. 2025ರ ನವೆಂಬರಿನಿಂದ ಠೇವಣಿಗೆ ನಾಲ್ವರವರೆಗೂ ನಾಮಿನಿ ಹಾಕಬಹುದು. ಭವಿಷ್ಯನಿಧಿಯ (ಪಿಎಫ್) ನಿಯಮ ಬೇರೆ: ಅವಲಂಬಿತ ತಂದೆತಾಯಿ ಇದ್ದರೆ ಅವರನ್ನೇ ಹೆಸರಿಸಬೇಕು, ಒಡಹುಟ್ಟಿದವರು ಅಲ್ಲಿ 'ಕುಟುಂಬ' ಅಲ್ಲ. ಅಂತಹ ಕುಟುಂಬವೇ ಇಲ್ಲದಿದ್ದರೆ ಯಾರನ್ನಾದರೂ ಹೆಸರಿಸಬಹುದು. ಸಭೆಯ ತಿಂಗಳ ಚಂದಾ ಬಾಕಿ ಬೆಳೆಸಬೇಡಿ, ರಸೀದಿಗಳನ್ನು ಉಯಿಲು, ನಾಮಿನಿ ಕಾಗದಗಳ ಜೊತೆ ಒಂದೇ ಫೈಲಿನಲ್ಲಿಡಿ. ಯಾವ ಸಭೆಯ ಸದಸ್ಯರು, ಯಾವ ಸ್ಮಶಾನ, ಮನೆತನದ ಸಮಾಧಿ ಎಲ್ಲಿದೆ ಎಂಬ ಮೂರು ಸಾಲೂ ಅಲ್ಲೇ ಇರಲಿ, ಕೀಲಿ ಇರುವವರಿಗೆ ಫೈಲಿನ ಜಾಗ ತಿಳಿದಿರಲಿ.

ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೆ, ಆ ಆಂಟಿಯರ ಪ್ರಾರ್ಥನೆ ಫಲಿಸಿ ಐವತ್ತರಲ್ಲಿ ಮದುವೆಯಾಯಿತು ಅನ್ನಿ. ಕ್ರೈಸ್ತರಿಗೆ ಅನ್ವಯಿಸುವ ಅದೇ ಉತ್ತರಾಧಿಕಾರ ಕಾಯ್ದೆಯ 69ನೇ ಕಲಮಿನ ಪ್ರಕಾರ ಮದುವೆಯಾದ ಕ್ಷಣಕ್ಕೆ ಹಿಂದಿನ ಉಯಿಲು ತಾನಾಗಿಯೇ ರದ್ದು. ಭವಿಷ್ಯನಿಧಿಯ ನಾಮಿನಿಯನ್ನೂ ಹೊಸದಾಗಿ ಹಾಕಬೇಕು. ಹೊಸ ಉಯಿಲನ್ನು ಚರ್ಚಿನ ರಿಜಿಸ್ಟರಿಗೆ ಸಹಿ ಹಾಕಿದ ಮೇಲೆ ಬರೆಯಿರಿ. ನಿಶ್ಚಿತಾರ್ಥದ ವಾರದಲ್ಲೇ ಆತುರಪಟ್ಟು ಬರೆದರೆ ಅದೂ ರದ್ದಾಗುತ್ತದೆ.